ತಂತಿ ನೋಡದೆ ಸತ್ತಿದೆ ಅನ್ನಬೇಡಿ

ನಾವು ಮಲ್ಲಿಪಟ್ಟಣದ ಕಡೆಯವರು. ಅರಕಲಗೂಡು ತಾಲ್ಲೂಕು, ಹಾಸನ ಜಿಲ್ಲೆ. ರಸ್ತೆ ಬದಿಯಲ್ಲಿ ನಾಲ್ಕು ಶೀಟು ಹೊದಿಸಿದ ಶೆಡ್ಡು ನಮ್ಮದು. ಕೇರಿಯ ಮೂವರು ಸೇರಿ ಕಾರು ರಿಪೇರಿ ಮಾಡುತ್ತೇವೆ. ನಮ್ಮಪ್ಪಂದಿರು ಗೌಡರ ಹೊಲದಲ್ಲಿ ಹೊಗೆಸೊಪ್ಪು ಮುರಿದವರು, ಬ್ಯಾರನ್ನಿಗೆ ಸೌದೆ ಹೊತ್ತವರು. ನಾವು ಸ್ಪ್ಯಾನರು ಹಿಡಿದೆವು. ಮೂವರಲ್ಲಿ ಇಬ್ಬರು ಎಸ್ಸೆಸ್ಸೆಲ್ಸಿಯಲ್ಲಿ ಇಂಗ್ಲಿಷಿಗೆ ಫೇಲು. 'ಇವುಗಳ ತಲೇಲಿ ಏನೂ ಇಲ್ಲ, ಬರೀ ಜೇಡಿಮಣ್ಣು' ಎಂದು ಮೇಷ್ಟ್ರೊಬ್ಬರು ಇಡೀ ತರಗತಿಯ ಮುಂದೆ ಹೇಳಿದ್ದರು. ಆ ಮಾತು ಇನ್ನೂ ನಮ್ಮ ಕಿವಿಯಲ್ಲಿದೆ.

ಹೋದ ಮಳೆಗಾಲದಲ್ಲಿ ಒಂದು ಕಾರನ್ನು ಟ್ರ್ಯಾಕ್ಟರಿಗೆ ಕಟ್ಟಿ ಎಳೆದು ತಂದರು. ದೊಡ್ಡ ಮನೆಯ ಕಾರು. ಸೆಲ್ಫ್ ಹೊಡೆದರೆ ಇಂಜಿನ್ನು ತಿರುಗುತ್ತದೆ, ಸ್ಟಾರ್ಟ್ ಆಗುವುದಿಲ್ಲ. ಪೇಟೆಯ ಸರ್ವಿಸ್ ಸೆಂಟರೊಂದರಲ್ಲಿ ಸ್ಕ್ಯಾನರು ಹಾಕಿ ನೋಡಿ, 'ಇಂಜಿನ್ ಕಂಪ್ಯೂಟರು ಉತ್ತರ ಕೊಡ್ತಿಲ್ಲ, ಸತ್ತಿದೆ, ಹೊಸದು ಹಾಕ್ಬೇಕು' ಎಂದಿದ್ದರಂತೆ. ಅದರ ಬೆಲೆ ಕೇಳಿ ಗೌಡರಿಗೆ ಗಾಬರಿ. ಗಾಬರಿಯಾಗದಿದ್ದರೆ ನಮ್ಮ ಶೆಡ್ಡಿಗೆ ಯಾಕೆ ಬರುತ್ತಿದ್ದರು?

'ಏನ್ರಲಾ, ನಿಮ್ ಕೈಲಿ ಆಯ್ತದಾ?'

'ನೋಡ್ತೀವಿ ಗೌಡ್ರೆ, ಕೂತ್ಕಳಿ.'

ಸ್ಟೂಲು ಒರೆಸಿ ಕೊಟ್ಟೆವು. ಅವರು ಕೂರಲಿಲ್ಲ. ಮಳೆಯಲ್ಲೇ ಛತ್ರಿ ಹಿಡಿದು ನಿಂತರು. ನಮ್ಮಪ್ಪ ಆಗಿದ್ದರೆ 'ಬುದ್ಧಿ' ಎಂದು ಕರೆಯುತ್ತಿದ್ದ. ನಾವು ಆ ಮಾತು ಬಿಟ್ಟು ಬಹಳ ಕಾಲವಾಯಿತು.

ಇದನ್ನು ಓದುವ ಮೇಷ್ಟ್ರುಗಳಿಗೂ ಹುಡುಗರಿಗೂ ಸ್ವಲ್ಪ ಬಿಡಿಸಿ ಹೇಳಬೇಕು. ಹಿಂದಿನ ಅಂಬಾಸಿಡರಿನ ಕಾಯಿಲೆ ಕಿವಿಗೆ ಕೇಳುತ್ತಿತ್ತು, ಮೂಗಿಗೆ ಬಡಿಯುತ್ತಿತ್ತು. ಈಗಿನ ಕಾರಿನಲ್ಲಿ ಇಂಜಿನ್ನಿಗೊಂದು, ಬ್ರೇಕಿಗೊಂದು, ಏರ್‌ಬ್ಯಾಗಿಗೊಂದು ಕಂಪ್ಯೂಟರು. ಇವು ಒಂದಕ್ಕೊಂದು ಮಾತಾಡಿಕೊಂಡರೇ ಕಾರು ಓಡುವುದು. ಮಾತಾಡಲು ಹೆಚ್ಚಿನ ಕಾರುಗಳಲ್ಲಿ ಇರುವುದು ಹಗ್ಗದ ಹಾಗೆ ಹೊಸೆದ ಎರಡು ಸಣ್ಣ ತಂತಿ. ಇದಕ್ಕೆ ಕ್ಯಾನ್ ಎನ್ನುತ್ತಾರೆ. ಜರ್ಮನಿಯ ಬಾಷ್ ಕಂಪನಿ 1986ರಲ್ಲಿ ಹೊರತಂದದ್ದು. ಬೆಂಗಳೂರಿನ ಆಡುಗೋಡಿಯಲ್ಲಿ ಮೈಕೋ ಅಂತ ಹೆಸರಾಗಿದ್ದ ಕಾರ್ಖಾನೆ ಅದೇ ಬಾಷಿನದಾಗಿತ್ತು. ಕಾರು ತನ್ನ ದೋಷವನ್ನು ತಾನೇ ಬರೆದಿಟ್ಟುಕೊಳ್ಳುವ ಒಬಿಡಿ ಏರ್ಪಾಡು ನಮ್ಮ ದೇಶದಲ್ಲಿ 2010ರ ಏಪ್ರಿಲ್‌ನಿಂದ ಬಂತು, ಅದರ ಎರಡನೆಯ ಹಂತ 2013ರಲ್ಲಿ. ಸ್ಟೇರಿಂಗಿನ ಕೆಳಗೆ 16 ಪಿನ್ನಿನ ಒಂದು ಸಾಕೆಟ್ಟು ಇರುತ್ತದೆ. ಸ್ಕ್ಯಾನರು ಚುಚ್ಚುವುದು ಅಲ್ಲಿಗೇ.

ನಮ್ಮ ಅಗ್ಗದ ಸ್ಕ್ಯಾನರು ತೋರಿಸಿದ ಕೋಡು ಯು 0100. ಇಂಜಿನ್ ಕಂಪ್ಯೂಟರಿನ ಜೊತೆ ಮಾತು ನಿಂತಿದೆ ಎಂದು ಅರ್ಥ. ಸತ್ತಿದೆ ಎಂದು ಅರ್ಥವಲ್ಲ. ಇನ್ನೊಂದು ವಿಷಯ ಗಮನಿಸಿ: ಈ ಕೋಡನ್ನು ಬರೆದಿಡುವುದು ಇಂಜಿನ್ ಕಂಪ್ಯೂಟರಲ್ಲ, ಅದರ ನೆರೆಹೊರೆಯವು. ಮೂಕನ ಮೇಲೆ ಪಕ್ಕದ ಮನೆಯವರು ಕೊಟ್ಟ ದೂರು ಅದು. ದೂರು ಕೇಳಿಯೇ ತೀರ್ಪು ಕೊಟ್ಟರೆ ಹೇಗೆ?

ಮೊದಲು ಇಂಜಿನ್ ಕಂಪ್ಯೂಟರಿಗೆ ಕರೆಂಟು, ಅರ್ತು ಸರಿಯಾಗಿ ಬರುತ್ತಿದೆಯೇ ನೋಡಿದೆವು. ಬರುತ್ತಿತ್ತು. ಆಮೇಲೆ ಬ್ಯಾಟರಿ ಬಿಚ್ಚಿ, ಸಾಕೆಟ್ಟಿನ 6 ಮತ್ತು 14ನೇ ಪಿನ್ನಿಗೆ ಮೀಟರು ಹಿಡಿದೆವು. ಆ ಜೋಡಿ ತಂತಿಯ ಎರಡು ತುದಿಯಲ್ಲೂ 120 ಓಮಿನ ಒಂದೊಂದು ರೋಧಕ ಇರುತ್ತದೆ. ಎರಡೂ ಸಮಾಂತರವಾಗಿ ಸೇರಿ ಮೀಟರು 60 ತೋರಿಸಬೇಕು. ನಮಗೆ ತೋರಿಸಿದ್ದು 120. ಅಂದರೆ ಒಂದು ತುದಿ ಕೈಬಿಟ್ಟಿದೆ. ಈ ಕಾರಿನಲ್ಲಿ ಒಂದು ತುದಿಯ ರೋಧಕ ಇಂಜಿನ್ ಕಂಪ್ಯೂಟರಿನ ಒಳಗೇ ಇತ್ತು. ಅದರ ಕನೆಕ್ಟರು ಕಿತ್ತು ಒಳಗಿನ ಪಿನ್ನುಗಳಲ್ಲಿ ಅಳೆದೆವು. 120 ಸರಿಯಾಗಿ ಇತ್ತು. ಹಾಗಾದರೆ ತಪ್ಪು ನಡುವಿನ ತಂತಿಯದು.

ವೈರಿಂಗ್ ಟೇಪು ಬಿಚ್ಚುತ್ತಾ ಹೋದೆವು. ಬ್ಯಾಟರಿ ಕೂರುವ ತಟ್ಟೆಯ ಕೆಳಗೆ ಇಲಿ ಹಲ್ಲು ಬಿದ್ದಿತ್ತು. ಎರಡರಲ್ಲಿ ಒಂದು ತಂತಿ ಪೂರಾ ತುಂಡು. ಕಾರು ನಿಲ್ಲುತ್ತಿದ್ದದ್ದು ರಾಗಿ ಮೂಟೆಯ ಪಕ್ಕವಂತೆ. ಬೆಸುಗೆ ಹಾಕಿ, ಮೇಲೆ ಕೊಳವೆ ಹೊದಿಸಿ, ಮೊದಲಿನ ಹಾಗೇ ಹೊಸೆದೆವು. ಮೀಟರು 60ಕ್ಕೆ ಬಂತು. ಬ್ಯಾಟರಿ ಹಾಕಿ ಸೆಲ್ಫ್ ಹೊಡೆದರೆ ಒಂದೇ ಸಲಕ್ಕೆ ಸ್ಟಾರ್ಟು.

ಕಂಪ್ಯೂಟರು ನಿಜವಾಗಿ ಸಾಯುವುದೂ ಉಂಟು, ನೀರು ಹೊಕ್ಕರೆ ಸಾಯುತ್ತದೆ. ಆದರೆ ಆ ಮಾತನ್ನು ಎಲ್ಲಾ ನೋಡಿದ ಮೇಲೆ, ಕಟ್ಟಕಡೆಗೆ ಹೇಳಬೇಕು.

'ಯಾರತ್ರ ಕಲ್ತ್ರಲಾ ಇದ?' ಎಂದರು ಗೌಡರು.

'ಹತ್ತನೇ ಕ್ಲಾಸಿನ ಪುಸ್ತಕದಲ್ಲೇ ಅದೆ ಗೌಡ್ರೆ. ಸಮಾಂತರ ಜೋಡಣೆ ಪಾಠ.'

ಹೋಟೆಲಿನಿಂದ ನಾಲ್ಕು ಟೀ ತರಿಸಿದ್ದೆವು. ಮೂರು ಖಾಲಿಯಾದವು. ನಾಲ್ಕನೆಯದು ಸ್ಟೂಲಿನ ಮೇಲೇ ಆರಿತು. ಗೌಡರು ಕೇಳಿದ ದುಡ್ಡು ಕೊಟ್ಟರು, ಚೌಕಾಸಿ ಮಾಡಲಿಲ್ಲ, ಹೋದರು. ಅವರ ಮನೆಗೂ ನಮ್ಮ ಕೇರಿಗೂ ನಡುವಿನ ತಂತಿ ಎಲ್ಲಿ ಕಡಿದಿದೆ ಎಂದು ನಮಗೆ ಗೊತ್ತು. ಅದನ್ನು ನಾವು ಕಡಿದದ್ದಲ್ಲ.

ಈಗ ಕೇರಿಯ ಒಬ್ಬ ಹುಡುಗ ಭಾನುವಾರ ಶೆಡ್ಡಿಗೆ ಬರುತ್ತಾನೆ. ಸ್ಕೂಲಿನಲ್ಲಿ ಬಾಯೇ ಬಿಡುವುದಿಲ್ಲವಂತೆ, ದಡ್ಡ ಅಂತಾರಂತೆ. ಅವನ ಕೈಗೆ ಮೀಟರು ಕೊಟ್ಟೆವು. ಎರಡು 120 ಸೇರಿ 60 ಯಾಕಾಯಿತು ಎಂದು ಅವನೇ ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಲೆಕ್ಕ ಬಿಡಿಸಿದ. ಮೇಷ್ಟ್ರುಗಳೇ, ನಿಮ್ಮ ತರಗತಿಯಲ್ಲೂ ಉತ್ತರ ಕೊಡದ ಮಕ್ಕಳಿದ್ದಾರೆ. ತಲೆ ಖಾಲಿ ಎನ್ನುವ ಮೊದಲು ತಂತಿ ನೋಡಿ. ಹೊಟ್ಟೆಗೆ ಬಿದ್ದಿದೆಯೇ, ಹಿಂದಿನ ಬೆಂಚಿಗೆ ಯಾರು ಕೂರಿಸಿದರು, ಪಾಠದ ಭಾಷೆ ಅವನ ಭಾಷೆಯೇ, ಕೇಳಿ.

ವಿದ್ಯಾರ್ಥಿ ಗೆಳೆಯರಿಗೂ ಒಂದು ಮಾತು. ಈ ರಿಪೇರಿಯ ಪುಸ್ತಕಗಳು ನಮ್ಮ ಕೈಗೆ ಬಂದಾಗೆಲ್ಲ ಇಂಗ್ಲಿಷಿನಲ್ಲೇ ಬಂದಿವೆ. ನಾವು ಮೊಬೈಲಿನಲ್ಲಿ ಹಿಂದಿ ವಿಡಿಯೋ ನೋಡಿ, ನಿಲ್ಲಿಸಿ, ಮತ್ತೆ ನೋಡಿ ಕಲಿತೆವು. ನೀವು ಓದಿದವರು, ಕನ್ನಡದಲ್ಲಿ ಬರೆಯಿರಿ. ಬರೆದು ತಂದು ಶೆಡ್ಡಿನಲ್ಲಿ ಓದಿ ಹೇಳಿ. ತಪ್ಪಿದ್ದರೆ ನಾವು ತಿದ್ದುತ್ತೇವೆ.