ನಮ್ಮ ವಹಿಯನ್ನು ಓದುವವರು

ಮಾಲೂರು, ಮುಳಬಾಗಿಲು, ಶ್ರೀನಿವಾಸಪುರ ಈ ಮೂರು ತಾಲ್ಲೂಕುಗಳಲ್ಲಿ ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಪಾಠ ಹೇಳಿ, ಕೋಲಾರದ ಮನೆಯಲ್ಲಿ ಕುಳಿತು ರಘುವಂಶವನ್ನು ಮತ್ತೊಮ್ಮೆ ಮೊದಲಿನಿಂದ ಓದಬೇಕೆಂದು ನಾವು ಸಂಕಲ್ಪಿಸಿದ್ದೆವು. ಎರಡನೆಯ ಸರ್ಗಕ್ಕೆ ಬರುವಷ್ಟರಲ್ಲಿ ಶ್ರೀನಿವಾಸಪುರದ ಕಡೆಯ ಒಂದು ಶಾಲೆಯಿಂದ ಕರೆ ಬಂದಿತು. ಅಲ್ಲಿಯ ಹಳೆಯ ದಾಖಲಾತಿ ವಹಿಗಳಿಗೆ ಗೆದ್ದಲು ಹತ್ತಿತ್ತು. ಜನ್ಮದಿನಾಂಕದ ದೃಢೀಕರಣಕ್ಕೆಂದು ನಿತ್ಯವೂ ಯಾರಾದರೊಬ್ಬರು ಬರುವರು. ಹಾಳೆ ಮುಟ್ಟಿದರೆ ಪುಡಿಯಾಗುವುದು. ಎಲ್ಲವನ್ನೂ ಕಂಪ್ಯೂಟರಿಗೆ ಏರಿಸಬೇಕು, ಹಳೆಯ ಕೈಬರಹವನ್ನು ಓದಬಲ್ಲವರು ನೀವೊಬ್ಬರೇ ಎಂದರು. ಅದರಲ್ಲಿ ಅರ್ಧ ಕೈಬರಹ ನಮ್ಮದೇ ಆದುದರಿಂದ ಒಲ್ಲೆನೆನ್ನುವ ಮಾರ್ಗವಿರಲಿಲ್ಲ.

ಬೆಂಗಳೂರಿನಲ್ಲಿ ಉದ್ಯೋಗದಲ್ಲಿರುವ ಹಳೆಯ ವಿದ್ಯಾರ್ಥಿಯೊಬ್ಬನು ಯಂತ್ರವನ್ನು ದಾನ ಮಾಡಿ, ದತ್ತಾಂಶವನ್ನು ಸಂಗ್ರಹಿಸಿಡುವ ಒಂದು ಬಿಟ್ಟಿ ತಂತ್ರಾಂಶವನ್ನೂ ಅದರೊಳಗೆ ಸ್ಥಾಪಿಸಿದನು. ಸ್ಥಾಪಿಸುವಾಗ ಇಂಗ್ಲಿಷಿನಲ್ಲಿ ಉದ್ದವಾದ ಒಪ್ಪಂದವೊಂದು ಪರದೆಯ ಮೇಲೆ ಬಂದಿತು. ನಾವು ಕನ್ನಡಕ ಹಾಕಿಕೊಳ್ಳುವುದರೊಳಗೆ ಅವನು ಒಪ್ಪಿಗೆಯ ಗುಂಡಿಯನ್ನು ಒತ್ತಿಬಿಟ್ಟಿದ್ದನು. ಏನು ಒಪ್ಪಿದೆಯಪ್ಪಾ ಎಂದು ಕೇಳಿದರೆ, “ಎಲ್ಲರೂ ಒತ್ತುವುದೇ ಸಾರ್, ಯಾರೂ ಓದುವುದಿಲ್ಲ” ಎಂದನು. ಸಂಕಲ್ಪವನ್ನು ಕೇಳಿಸಿಕೊಳ್ಳದೆ ಅಕ್ಷತೆ ಹಾಕುವವರನ್ನು ನಾವು ಬಹಳ ಕಂಡಿದ್ದೇವೆ, ಸುಮ್ಮನಾದೆವು.

ಕೆಲಸ ಚೆನ್ನಾಗಿಯೇ ಸಾಗಿತು. ನಾವು ಓದುವುದು, ಹುಡುಗನೊಬ್ಬನು ಟೈಪು ಮಾಡುವುದು. ಒಂದು ಮಧ್ಯಾಹ್ನ ತಂತ್ರಾಂಶವು ಹಠಾತ್ತನೆ ನಿಂತುಹೋಗಿ, ದೋಷದ ವರದಿಯನ್ನು ತನ್ನ ತಯಾರಕರಿಗೆ ಕಳುಹಿಸಲೇ ಎಂದು ಕೇಳಿತು. ಹುಡುಗನು ಕಳುಹಿಸಿದನು. ಏನು ಹೋಯಿತು ತೋರಿಸು ಎಂದೆವು. ವರದಿಯನ್ನು ಬಿಡಿಸಿದಾಗ, ಅರ್ಥವಾಗದ ಅಂಕೆಗಳ ಮಧ್ಯದಲ್ಲಿ ಆಗತಾನೇ ನಾವು ಓದಿ ಹೇಳಿದ ಸಾಲು ಇದ್ದಿತು. ಒಬ್ಬ ಹೆಣ್ಣುಮಗಳ ಹೆಸರು, ಊರು, ಜಾತಿ, ಜನ್ಮದಿನಾಂಕ. ತಂದೆಯ ಹೆಸರಿನ ಕಡೆ “ಗೊತ್ತಿಲ್ಲ” ಎಂಬ ಶಬ್ದ.

ಆ ಶಬ್ದವನ್ನು ವಹಿಯಲ್ಲಿ ಬರೆದ ಕೈ ನಮ್ಮದೇ. ಆಗ ನಾವು ಹೊಸಬರು, ನಿಯಮದಂತೆ ಬರೆಯಬೇಕೆಂಬ ಹುಮ್ಮಸ್ಸು. ಮಗುವನ್ನು ಸೊಂಟದ ಮೇಲೆತ್ತಿಕೊಂಡು ಬಂದ ಆ ತಾಯಿ ಉತ್ತರ ಹೇಳದೆ ನೆಲ ನೋಡುತ್ತ ನಿಂತಿದ್ದಳು. ಅಂದಿನಿಂದ ಯಾರಾದರೂ ಆ ವಹಿಯನ್ನು ಕೇಳಿದರೆ ಆ ಪುಟದ ಮೇಲೆ ಕೈಯಿಟ್ಟುಕೊಂಡೇ ನಾವು ತೆರೆಯುತ್ತಿದ್ದೆವು. ಹುಡುಗಿ ಶಾಲೆ ಬಿಟ್ಟಾಗ ವರ್ಗಾವಣೆ ಪತ್ರದಲ್ಲಿ ಅಲ್ಲಿಗೊಂದು ಗೀಟನ್ನೆಳೆದು ಕೊಟ್ಟೆವು. ಇಷ್ಟು ಕಾಲ ಕೈ ಮುಚ್ಚಿ ಕಾಪಾಡಿದ ಸಾಲು ಒಂದು ಗುಂಡಿಯಿಂದ ಸಾಗರ ದಾಟಿತು.

ವಾಚಕರು ಇಲ್ಲಿ ಎರಡು ಸಂಗತಿಗಳನ್ನು ಬೇರೆಬೇರೆಯಾಗಿ ತಿಳಿಯಬೇಕು. ತಂತ್ರಾಂಶವನ್ನು ಎಷ್ಟು ಹೊತ್ತು ಬಳಸಿದೆವು, ಯಾವ ಗುಂಡಿಯನ್ನು ಎಷ್ಟು ಸಲ ಒತ್ತಿದೆವು ಎಂಬ ಬಳಕೆಯ ವರದಿ ಒಂದು. ಕೆಟ್ಟು ನಿಂತಾಗ ಹೋಗುವ ದೋಷದ ವರದಿ ಇನ್ನೊಂದು. ಹೆಸರಾಂತ ಉದಾಹರಣೆಯನ್ನೇ ಕೊಡುವುದಾದರೆ, ಮೈಕ್ರೋಸಾಫ್ಟಿನ ಎಸ್‌ಕ್ಯೂಎಲ್ ಸರ್ವರ್ ಎಂಬ ತಂತ್ರಾಂಶದ 2016ರ ಆವೃತ್ತಿಯಲ್ಲಿ ಬಳಕೆಯ ವರದಿಯು ತಾನಾಗಿಯೇ ಹೋಗುವಂತೆ ಏರ್ಪಾಡಾಯಿತು. ಹಣ ಕೊಟ್ಟು ಕೊಂಡವರು ಅದನ್ನು ನಿಲ್ಲಿಸಬಹುದು. ಬಿಟ್ಟಿಯಾಗಿ ದೊರೆಯುವ ಎಕ್ಸ್‌ಪ್ರೆಸ್ ಮತ್ತು ಡೆವಲಪರ್ ಆವೃತ್ತಿಗಳಲ್ಲಿ ನಿಲ್ಲಿಸುವ ಅವಕಾಶವಿಡಲಿಲ್ಲ. ಕೋಷ್ಟಕಗಳ ಒಳಗಿನ ಬರಹವನ್ನು ಈ ದಾರಿಯಲ್ಲಿ ಒಯ್ಯುವುದಿಲ್ಲವೆಂದು ಆ ಸಂಸ್ಥೆ ಲಿಖಿತವಾಗಿ ಹೇಳಿರುವುದನ್ನೂ ನ್ಯಾಯಕ್ಕಾಗಿ ಸೇರಿಸಬೇಕು. ನಮ್ಮ ಶಾಲೆಯದು ಬೇರೆಯವರ ತಂತ್ರಾಂಶ. ದೋಷದ ವರದಿಯ ಸ್ವಭಾವವೇ ಬೇರೆ: ನಿಂತ ಕ್ಷಣದಲ್ಲಿ ಯಂತ್ರದ ನೆನಪಿನಲ್ಲಿ ಏನಿದ್ದಿತೋ ಅದರ ತುಣುಕು ಬಹುಮಟ್ಟಿಗೆ ಅದರೊಡನೆ ಹೊರಡುತ್ತದೆ. ತಯಾರಕರಿಗೆ ದುರುದ್ದೇಶವಿರಬೇಕೆಂದೇನೂ ಇಲ್ಲ. ಕೆಟ್ಟದ್ದನ್ನು ಸರಿಪಡಿಸಲು ಅವರಿಗೂ ಎಲ್ಲಿ ಕೆಟ್ಟಿತೆಂದು ತಿಳಿಯಬೇಕಷ್ಟೆ.

ಆದರೂ ಸೋಜಿಗವೇ. ನಮ್ಮ ಸೀಮೆಯ ಶಾನುಭೋಗರು ಕರಿ ಬಳಿದ ಬಟ್ಟೆಯ ಕಡತದಲ್ಲಿ ಬಳಪದಿಂದ ಲೆಕ್ಕ ಬರೆಯುತ್ತಿದ್ದ ಕಾಲವುಂಟು. ಕಡತ ಮಾಡಿಕೊಟ್ಟವನು ಯಾವ ಮಡಿಕೆಯನ್ನು ಎಷ್ಟು ಸಲ ಬಿಚ್ಚಿದಿರಿ ಎಂದು ವಿಚಾರಿಸಲು ಬರುತ್ತಿರಲಿಲ್ಲ. ಕೌಟಿಲ್ಯನ ಅರ್ಥಶಾಸ್ತ್ರದಲ್ಲಿ ಗೋಪನೆಂಬ ಅಧಿಕಾರಿಯಿದ್ದಾನೆ. ಐದು ಅಥವಾ ಹತ್ತು ಗ್ರಾಮಗಳ ಹೊಲಮನೆಗಳನ್ನೂ ಜನರನ್ನೂ ಅವರ ಆಯವ್ಯಯಗಳನ್ನೂ ಬರೆದಿಡುವುದು ಅವನ ಕೆಲಸ. ಅವನು ಬರೆದದ್ದು ನಿಜವೇ ಎಂದು ನೋಡಲು ಗೃಹಸ್ಥರ ವೇಷದ ಚಾರರನ್ನು ಕಳುಹಿಸಬೇಕೆಂದೂ ಅಲ್ಲಿ ವಿಧಿಸಿದೆ. ಲೆಕ್ಕ ಬರೆಯುವವನ ಮೇಲೆ ಕಣ್ಣಿಡುವುದು ಹೀಗೆ ಪುರಾತನವಾದದ್ದೇ. ಅಲ್ಲಿ ಚಾರನನ್ನು ಕಳುಹಿಸಿದವನು ಅರಸನ ಸಮಾಹರ್ತೃ. ಇಲ್ಲಿ ವಹಿಯನ್ನು ಕೊಟ್ಟ ವರ್ತಕನೇ ಚಾರನನ್ನು ವಹಿಯ ರಟ್ಟಿನೊಳಗಿಟ್ಟು ಕೊಡುತ್ತಾನೆ.

ಇದಕ್ಕೆ ಕಾನೂನಿಲ್ಲವೇ ಎಂದರೆ, ಉಂಟು. ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರು ತಮ್ಮ 86ನೆಯ ವಯಸ್ಸಿನಲ್ಲಿ, 2012ರಲ್ಲಿ, ಆಧಾರದ ವಿಷಯವಾಗಿ ಸುಪ್ರೀಂ ಕೋರ್ಟಿನ ಬಾಗಿಲನ್ನು ತಟ್ಟಿದರು. ಅವರ ಮೊಕದ್ದಮೆಯಲ್ಲಿಯೇ 2017ರ ಆಗಸ್ಟ್ 24ರಂದು ಒಂಬತ್ತು ಮಂದಿ ನ್ಯಾಯಾಧೀಶರು ಖಾಸಗಿತನವು ಮೂಲಭೂತ ಹಕ್ಕೆಂದು ಒಮ್ಮತದಿಂದ ತೀರ್ಪು ಕೊಟ್ಟರು. 2023ರಲ್ಲಿ ಸಂಸತ್ತು ಅಂಗೀಕರಿಸಿದ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಅಧಿನಿಯಮವು, ಒಪ್ಪಿಗೆ ಕೇಳುವ ಬರಹವನ್ನು ಇಂಗ್ಲಿಷಿನಲ್ಲಾಗಲಿ ಎಂಟನೆಯ ಅನುಸೂಚಿಯ ಭಾಷೆಗಳಲ್ಲಾಗಲಿ ಓದಿಕೊಳ್ಳುವ ಅವಕಾಶವಿರಬೇಕೆನ್ನುತ್ತದೆ. ಕನ್ನಡವೂ ಅದರಲ್ಲಿ ಸೇರಿದೆ. ಕನ್ನಡದಲ್ಲಿದ್ದರೂ ನಮ್ಮ ಹುಡುಗ ಓದುತ್ತಿದ್ದನೆಂದು ನಾವು ಪ್ರಮಾಣ ಮಾಡಲಾರೆವು. ಅದಕ್ಕಿಂತಲೂ ನಮ್ಮನ್ನು ಕಾಡಿದ ಮಾತು ಬೇರೆ: ಒಪ್ಪಿಗೆ ಒತ್ತಿದವನು ಅವನು, ಹೋದದ್ದು ಅವಳ ಹೆಸರು.

ಎರಡು ರಾತ್ರಿ ನಿದ್ರೆ ಬರಲಿಲ್ಲ. ಮೂರನೆಯ ದಿನ ಆಕೆಯನ್ನು ಹುಡುಕಿಕೊಂಡು ಹೋದೆವು. ಈಗ ಕೋಲಾರದ ಎ.ಪಿ.ಎಂ.ಸಿ. ಮಾರುಕಟ್ಟೆಯಲ್ಲಿ ಟೊಮೆಟೊ ವ್ಯಾಪಾರ. ಪೆಟ್ಟಿಗೆಗಳ ಸಾಲಿನ ನಡುವೆ ನಿಂತು ತೆಲುಗಿನಲ್ಲಿ ಹಮಾಲಿಗಳನ್ನು ಗದರಿಸುತ್ತಿದ್ದಳು. ನಮ್ಮನ್ನು ಕಂಡು ಸೆರಗು ಸರಿಮಾಡಿಕೊಂಡು, ಒಂದು ಪೆಟ್ಟಿಗೆಯನ್ನು ಬೋರಲು ಹಾಕಿ ಕುಳ್ಳಿರಿಸಿದಳು. ನಡೆದುದನ್ನೆಲ್ಲ ಹೇಳಿ, “ತಪ್ಪಾಯಿತು ತಾಯಿ” ಎಂದೆವು.

“ಅಷ್ಟು ದೂರದವರಿಗೆ ನಾನು ಯಾರೋ ಏನೋ ಮೇಷ್ಟ್ರೇ. ಅವರು ಓದಿಕೊಂಡರೆ ಓದಿಕೊಳ್ಳಲಿ,” ಎಂದಳು. ತಕ್ಕಡಿಯ ಕಡೆ ನೋಡುತ್ತ ಸ್ವಲ್ಪ ಹೊತ್ತಿದ್ದು, ದನಿ ತಗ್ಗಿಸಿ ಕೇಳಿದಳು: “ಟೈಪು ಮಾಡಿದ ಹುಡುಗ ನಮ್ಮೂರವನೇ?”

ನಾವು ಅದನ್ನು ಯೋಚಿಸಿಯೇ ಇರಲಿಲ್ಲ. ಹೌದು, ಅವಳ ಊರಿನವನೇ. ಅವಳ ಮಗನ ಜೊತೆ ಚೆಂಡಾಡುವವನು. ಸಾಗರದಾಚೆಯ ಓದುಗರಿಗಾಗಿ ಎರಡು ರಾತ್ರಿ ನಿದ್ರೆಗೆಟ್ಟವರು, ಅವಳ ಪುಟವನ್ನು ಆ ಹುಡುಗನ ಕಿವಿಗೆ ಗಟ್ಟಿಯಾಗಿ ಓದಿ ಹೇಳಿದವರು ನಾವೇ.

ಹಿಂದಿರುಗಿದ ಮೇಲೆ ಯಂತ್ರಕ್ಕೆ ಇಂಟರ್‌ನೆಟ್ಟಿನ ತಂತಿಯನ್ನು ಕೀಳಿಸಿದೆವು. ಬಿಡಿಸಿ ನೋಡಿದ್ದ ವರದಿಯ ಪ್ರತಿಯನ್ನು ಅಳಿಸಿಹಾಕಿಸಿದೆವು. ಹುಡುಗನನ್ನು ಬೇರೆ ಕೆಲಸಕ್ಕೆ ಹಚ್ಚಿ, ಈಗ ನಾವೇ ಎರಡು ಬೆರಳಿನಲ್ಲಿ ಟೈಪು ಮಾಡುತ್ತಿದ್ದೇವೆ. ದಿನಕ್ಕೆ ಹನ್ನೆರಡು ಹೆಸರು ಆದರೆ ಹೆಚ್ಚು. ಅವಳ ಸಾಲನ್ನು ಮಾತ್ರ ಇನ್ನೂ ಏರಿಸಿಲ್ಲ. ಇದ್ದದ್ದನ್ನು ಇದ್ದಂತೆ ಬರೆದರೆ ಒಂದು ಬಗೆ, ಗೀಟೆಳೆದರೆ ವಹಿಗೆ ಸುಳ್ಳಾಡಿದಂತೆ. ಕ್ರಮಸಂಖ್ಯೆಯೊಂದು ಬಿಟ್ಟುಹೋಗಿದೆಯೆಂದು ತಂತ್ರಾಂಶವು ಪ್ರತಿದಿನ ಬೆಳಿಗ್ಗೆ ಕೆಂಪಕ್ಷರದಲ್ಲಿ ಎಚ್ಚರಿಸುತ್ತದೆ. ನಾವು ಅದನ್ನು ಪಕ್ಕಕ್ಕೆ ಸರಿಸಿ ಮುಂದಿನ ಪುಟಕ್ಕೆ ಹೋಗುತ್ತೇವೆ.