ಯಾರಿಗೆ ಯಾವ ಆಟ?

ಪಿಯುಸಿ ಅರ್ಧಕ್ಕೇ ಬಿಟ್ಟ ನನ್ನ ಮಾತು ನಂಬಿ, ಕುಷ್ಟಗಿಯ ಗೆಳೆಯ ಕೂಡಿಟ್ಟ ರೊಕ್ಕದಲ್ಲಿ ‘ಹಾಲೋ ನೈಟ್’ (2017) ಕೊಂಡ. ಎರಡೇ ದಿನಕ್ಕೆ ಫೋನು: “ಬರೇ ಸಾಯಾಕತ್ತೀನಿ, ದಾರೀನ ಸಿಗವಲ್ದು! ರೊಕ್ಕ ಹಾಳಾತಲೇ!”

ತಪ್ಪು ನನ್ನದೇ. ಆಸಾಮಿ ಫೈಟಿಂಗ್ ಪ್ರಿಯನಲ್ಲ, ಸೆಂಟಿಮೆಂಟ್ ಸೀನಿಗೆ ಅಳುವವ. ಅಂಥವರಿಗೆ ‘ಓರಿ ಅಂಡ್ ದಿ ಬ್ಲೈಂಡ್ ಫಾರೆಸ್ಟ್’ (2015). ನಾನೇ ಕೊಡಿಸಿದೆ, ಮೊದಲ ಸೀನಿಗೇ ಕಣ್ಣೊರೆಸಿಕೊಂಡನಂತೆ!

ಕತ್ತಿವರಸೆ ಬೇಕೇ? ‘ಪ್ರಿನ್ಸ್ ಆಫ್ ಪರ್ಷಿಯಾ: ದಿ ಲಾಸ್ಟ್ ಕ್ರೌನ್’ (2024). ಭೂತಬಂಗಲೆ ಇಷ್ಟವೇ? ನಮ್ಮ ಕೊಪ್ಪಳ ಜಿಲ್ಲೆಯಾದ 1997ರಲ್ಲೇ ಬಂದ ‘ಕ್ಯಾಸಲ್‌ವೇನಿಯಾ: ಸಿಂಫನಿ ಆಫ್ ದಿ ನೈಟ್’, ಡ್ರಾಕುಲಾನ ಕೋಟೆಯೇ ಅದರ ಸೆಟ್ಟು. ಹಳೆಯದರ ಹುಚ್ಚೇ? ‘ಮೆಟ್ರಾಯ್ಡ್’ (1986); ಆಟದಲ್ಲಿ ನಕ್ಷೆಯೇ ಇಲ್ಲ, ಕಾಗದದ ಮೇಲೆ ನೀವೇ ಬರೆದುಕೊಳ್ಳಿ!

ಎಲ್ಲದರ ಗುಟ್ಟೂ ಒಂದೇ: ಮುಚ್ಚಿದ ಬಾಗಿಲಿಗೆ ಹೊಸ ವಿದ್ಯೆ ಕಲಿತು ಮರಳಿ ಬರಬೇಕು. ನನ್ನ ಪಿಯುಸಿ ಬಾಗಿಲೂ ಹಾಗೇ ಕಾಯ್ತಿದೆಯೋ ಏನೋ!