ವಾರಂಟಿಗೆ ವಯಸ್ಸಾಗುವುದಿಲ್ಲ

ಮದುವೆಯ ಕರೆಯೋಲೆ ಬಂದರೆ ನಮ್ಮ ಜನ ಛತ್ರ ಯಾವುದು, ಮುಹೂರ್ತ ಎಷ್ಟು ಹೊತ್ತಿಗೆ ಎಂದು ತಿರುಗಿಸಿ ಮುರುಗಿಸಿ ನೋಡುತ್ತಾರೆ. ಕೋರ್ಟಿನ ಸಮನ್ಸ್ ಬಂದರೆ ಮಾತ್ರ ಕ್ಯಾಲೆಂಡರಿನ ಹಿಂದೆ ಸಿಕ್ಕಿಸಿ ಮರೆತುಬಿಡುತ್ತಾರೆ. ಇನ್ನು ಕೆಲವು ಶೂರರಿದ್ದಾರೆ. ಪೊಲೀಸಿನವರು ಮುಂಬಾಗಿಲಿಗೆ ಬಂದಾಗ ಹಿತ್ತಲಿನಿಂದ ತೋಟಕ್ಕೆ ಜಾರಿಕೊಂಡರೆ ಕೇಸೂ ಬೇಲಿ ಹಾರಿ ಓಡಿಹೋಗುತ್ತದೆ ಎಂಬುದು ಅವರ ದೃಢ ನಂಬಿಕೆ.

ನಮ್ಮ ಭಾವ ಈ ಎರಡೂ ಪಂಗಡಕ್ಕೆ ಸೇರಿದವರಲ್ಲ. ಅವರದು ಮೂರನೆಯ ಪಂಗಡ: 'ವಕೀಲರು ನೋಡ್ಕೋತಾರೆ' ಪಂಗಡ. ಯಾರಿಗೋ ಕೊಟ್ಟ ಚೆಕ್ಕು ಬೌನ್ಸ್ ಆಗಿ ಕೇಸು ಬಿತ್ತು. ಮೊದಲ ವಾಯಿದೆಗೆ ಇಸ್ತ್ರಿ ಅಂಗಿ ತೊಟ್ಟು ಹೋದರು, ಜಾಮೀನು ಕೊಟ್ಟರು. ಆಮೇಲೆ ವಕೀಲರು ಗೈರುಹಾಜರಿಗೆ ಅನುಮತಿ ಕೇಳಿ ಅರ್ಜಿ ಹಾಕುತ್ತಾ ಬಂದರು. ಒಂದು ದಿನ ಆ ಅರ್ಜಿಯೂ ಇಲ್ಲ, ವಕೀಲರೂ ಇಲ್ಲ, ಭಾವ ತಿರುಪತಿಯಲ್ಲಿ.

ಅಂಥ ದಿನ ಕೋರ್ಟ್ ಹಾಲಿನಲ್ಲಿ ಏನು ನಡೆಯುತ್ತದೆ ಎಂಬುದನ್ನು ನೋಡಿಯೇ ತಿಳಿಯಬೇಕು. ಬೆಂಚ್ ಕ್ಲರ್ಕ್ ಕೇಸಿನ ನಂಬರು ಓದುತ್ತಾರೆ. ಅಟೆಂಡರ್ ಬಾಗಿಲಿಗೆ ಬಂದು ಹೆಸರನ್ನು ರಾಗವಾಗಿ ಮೂರು ಸಲ ಕೂಗುತ್ತಾನೆ. ಆ ರಾಗದಲ್ಲಿ ಯಾರ ಹೆಸರಾದರೂ ಒಂದೇ ಥರ ಕೇಳಿಸುತ್ತದೆ. ಕಾರಿಡಾರಿನಲ್ಲೇ ನಿಂತವರಿಗೂ ಅದು ತಮ್ಮದೇ ಹೆಸರೆಂದು ಗೊತ್ತಾಗದೆ ಹೋಗುವುದುಂಟು. ಒಳಗೆ ಆರ್ಡರ್ ಶೀಟಿನಲ್ಲಿ 'ಆರೋಪಿ ಗೈರು, ಎನ್‌ಬಿಡಬ್ಲ್ಯು' ಎಂದು ಒಂದು ಸಾಲು ಬೀಳುತ್ತದೆ. ಇಷ್ಟಕ್ಕೆಲ್ಲ ಅರ್ಧ ನಿಮಿಷ ಸಾಕು. ಅಷ್ಟರಲ್ಲಿ ಮುಂದಿನ ಕೇಸಿನ ಫೈಲು ಮೇಜಿನ ಮೇಲೆ ಬಂದಿರುತ್ತದೆ.

ಎನ್‌ಬಿಡಬ್ಲ್ಯು ಎಂದರೆ ಜಾಮೀನುರಹಿತ ವಾರಂಟ್. ಅದಕ್ಕೊಬ್ಬ ಸೌಮ್ಯ ತಮ್ಮನಿದ್ದಾನೆ, ಜಾಮೀನು ಸಹಿತ ವಾರಂಟ್. ಅದರ ಮೇಲೆಯೇ ಇಷ್ಟು ರೂಪಾಯಿ ಮುಚ್ಚಳಿಕೆ, ಇಷ್ಟು ಜನ ಜಾಮೀನುದಾರರು ಎಂದು ಬರೆದಿರುತ್ತದೆ. ಅಷ್ಟು ಕೊಟ್ಟರೆ ಪೊಲೀಸರೇ ಬಿಟ್ಟುಬಿಡಬಹುದು. ಅಣ್ಣನ ವಿಷಯದಲ್ಲಿ ಪೊಲೀಸರ ಕೈಯಲ್ಲಿ ಏನೂ ಇಲ್ಲ. ಹಿಡಿಯಬೇಕು, ಪ್ರಯಾಣದ ಹೊತ್ತು ಬಿಟ್ಟು 24 ಗಂಟೆಯೊಳಗೆ ಕೋರ್ಟಿನ ಮುಂದೆ ನಿಲ್ಲಿಸಬೇಕು. ಮೊದಲು ಸಮನ್ಸ್, ಆಮೇಲೆ ಜಾಮೀನು ಸಹಿತ ವಾರಂಟ್, ಅದಕ್ಕೂ ಬಗ್ಗದವರಿಗೆ ಜಾಮೀನುರಹಿತ ವಾರಂಟ್, ಸಾಮಾನ್ಯವಾಗಿ ಈ ಕ್ರಮದಲ್ಲಿ ಹೋಗಿ ಎಂದು ಸುಪ್ರೀಂ ಕೋರ್ಟು 2007ರಲ್ಲೇ ಇಂದರ್ ಮೋಹನ್ ಗೋಸ್ವಾಮಿ ಪ್ರಕರಣದಲ್ಲಿ ಹೇಳಿದೆ. ಆದರೆ ಒಮ್ಮೆ ಮುಚ್ಚಳಿಕೆ ಬರೆದುಕೊಟ್ಟು ಆಮೇಲೆ ತಪ್ಪಿಸಿಕೊಂಡವರ ಮೇಲೆ ಕೋರ್ಟಿಗೆ ಅಷ್ಟು ಕರುಣೆ ಇರುವುದಿಲ್ಲ. ಹಾಗೆ ತಪ್ಪಿಸಿಕೊಳ್ಳುವುದೇ ಒಂದು ಅಪರಾಧ. ಭಾರತೀಯ ನ್ಯಾಯ ಸಂಹಿತೆಯ 269ನೇ ಕಲಂ ಅದಕ್ಕೆ ಒಂದು ವರ್ಷದವರೆಗೆ ಸಜೆ ಇಟ್ಟಿದೆ.

"ಹೋಗ್ಲಿ ಬಿಡಯ್ಯಾ, ಐದಾರು ವರ್ಷ ಆದ್ರೆ ಅದೇ ಸತ್ತುಹೋಗುತ್ತೆ" ಎಂದರು ಭಾವ.

"ಸಾಯೋದಿಲ್ಲ ಭಾವ, ನಿಮಗಿಂತ ಗಟ್ಟಿ ಅದು" ಎಂದೆ. ಅಕ್ಕ ಒಳಗಿನಿಂದ ನಕ್ಕಳು.

ತಮಾಷೆಯ ಮಾತಲ್ಲ. ಕೋರ್ಟು ರದ್ದು ಮಾಡುವವರೆಗೆ, ಇಲ್ಲವೇ ಜಾರಿಯಾಗುವವರೆಗೆ ವಾರಂಟು ಊರ್ಜಿತದಲ್ಲಿರುತ್ತದೆ. ಹಳೆಯ ಸಿಆರ್‌ಪಿಸಿಯ 70ನೇ ಕಲಂ ಹೇಳುತ್ತಿದ್ದುದೂ ಇದನ್ನೇ, 2024ರ ಜುಲೈ 1ರಿಂದ ಅದರ ಜಾಗಕ್ಕೆ ಬಂದ ಭಾರತೀಯ ನಾಗರಿಕ ಸುರಕ್ಷಾ ಸಂಹಿತೆಯ 72ನೇ ಕಲಂ ಹೇಳುವುದೂ ಇದನ್ನೇ. ಹುಬ್ಬಳ್ಳಿಯವರಿಗೆ ಇದನ್ನು ವಿವರಿಸಬೇಕಾಗಿಲ್ಲ. 1994ರ ಈದ್ಗಾ ಮೈದಾನದ ಪ್ರಕರಣದಲ್ಲಿ ಅಲ್ಲಿನ ಕೋರ್ಟಿನ ಜಾಮೀನುರಹಿತ ವಾರಂಟ್ ಹತ್ತು ವರ್ಷ ಕಳೆದ ಮೇಲೆ, 2004ರ ಆಗಸ್ಟಿನಲ್ಲಿ, ಮಧ್ಯಪ್ರದೇಶದ ಮುಖ್ಯಮಂತ್ರಿ ಉಮಾ ಭಾರತಿಯವರ ರಾಜೀನಾಮೆಗೆ ಕಾರಣವಾಯಿತು. ಅವರು ಭೋಪಾಲದ ಕುರ್ಚಿ ಬಿಟ್ಟು ಹುಬ್ಬಳ್ಳಿಗೆ ಬಂದು ಶರಣಾದರು. ಮುಂದೆ ಸರ್ಕಾರ ಕೇಸು ಹಿಂದಕ್ಕೆ ಪಡೆಯಿತು. ಮುಖ್ಯಮಂತ್ರಿಯ ಕುರ್ಚಿ ಮಾತ್ರ ಅವರಿಗೆ ಮತ್ತೆ ಸಿಗಲಿಲ್ಲ. ಪಕ್ಷ ಯಾವುದು, ತಪ್ಪು ಯಾರದು ಎಂಬ ವಾದ ನನಗೆ ಬೇಡ. ವಾರಂಟಿನ ಆಯುಸ್ಸಿಗೆ ಇದಕ್ಕಿಂತ ದೊಡ್ಡ ಸಾಕ್ಷಿ ಸಿಗಲಾರದು.

ಸಾಮಾನ್ಯರ ವಾರಂಟು ಠಾಣೆಯ ಬೀರುವಿನಲ್ಲಿ ನಿದ್ದೆ ಮಾಡುತ್ತಿರುತ್ತದೆ, ನಿಜ. ಆರೋಪಿ ಸಿಗದೆ ಹಳತಾದ ಕೇಸುಗಳಿಗೆ 'ಎಲ್‌ಪಿಸಿ' ಎಂಬ ಹಣೆಪಟ್ಟಿಯೂ ಬೀಳುತ್ತದೆ. ಆದರೆ ಚುನಾವಣೆ ಘೋಷಣೆಯಾಗಲಿ ನೋಡಿ. ಬಾಕಿ ಇರುವ ಜಾಮೀನುರಹಿತ ವಾರಂಟುಗಳನ್ನು ಜಾರಿ ಮಾಡಿ ಎಂದು ಆಯೋಗ ಪೊಲೀಸರ ಬೆನ್ನು ಹತ್ತುತ್ತದೆ, ಬೀರು ಬಾಗಿಲು ತೆರೆಯುತ್ತದೆ. ಅಷ್ಟು ದಿನ ಕಣ್ಣಿಗೇ ಬೀಳದಿದ್ದ ಪುಣ್ಯಾತ್ಮ ಆಗ ಗೃಹಪ್ರವೇಶದ ಪಂಕ್ತಿಯಲ್ಲೇ ಸಿಕ್ಕಿಬೀಳುತ್ತಾನೆ. ಪಾಸ್‌ಪೋರ್ಟಿಗೆ ಅರ್ಜಿ ಹಾಕಿದಾಗಲೂ ಇದು ಅಡ್ಡ ಬರಬಹುದು. ಕೋರ್ಟಿನ ವಾರಂಟು ಇದ್ದರೆ ಪಾಸ್‌ಪೋರ್ಟ್ ನಿರಾಕರಿಸಲು ಕಾಯ್ದೆಯಲ್ಲೇ ಅವಕಾಶವಿದೆ.

ಹಾಗಾದರೆ ನಮ್ಮ ಮೇಲೆ ವಾರಂಟು ಇದೆಯೋ ಇಲ್ಲವೋ ತಿಳಿಯುವುದು ಹೇಗೆ? ಅಮೆರಿಕದಲ್ಲಿ ಬೆಂಚ್ ವಾರಂಟ್ ಎನ್ನುವ ಇದೇ ಜಾತಿಯ ವಾರಂಟುಗಳನ್ನು ಅನೇಕ ಕೌಂಟಿಗಳ ಶೆರೀಫರು ಹೆಸರು ಹಾಕಿ ಹುಡುಕುವಂತೆ ಜಾಲತಾಣದಲ್ಲೇ ಇಟ್ಟಿರುತ್ತಾರೆ. ನಮ್ಮ ಇ-ಕೋರ್ಟ್ಸ್ ತಾಣದಲ್ಲಿ, ಅದರ ಮೊಬೈಲ್ ಆ್ಯಪ್‌ನಲ್ಲಿ 'ವಾರಂಟ್' ಎಂಬ ಖಾನೆ ಇಲ್ಲ, ಕೇಸನ್ನೇ ಹುಡುಕಬೇಕು. ಸಿಎನ್‌ಆರ್ ಎಂಬ 16 ಅಕ್ಷರ-ಅಂಕಿಗಳ ನಂಬರು ಕೈಯಲ್ಲಿದ್ದರೆ ಕೆಲಸ ಸಲೀಸು. ಇಲ್ಲದಿದ್ದರೆ ಜಿಲ್ಲೆ, ಕೋರ್ಟು ಆರಿಸಿ, ವರ್ಷ ಹಾಕಿ, ಕಕ್ಷಿಗಾರರ ಹೆಸರು ಹೊಡೆಯಬೇಕು.

ಇಲ್ಲಿಯೇ ಭಾವ ಸೋತು ಕೂತಿದ್ದು. ನಮ್ಮ ಹೆಸರುಗಳನ್ನು ಇಂಗ್ಲಿಷಿನಲ್ಲಿ ಬರೆಯುವಾಗ ಗುಮಾಸ್ತೆಗೊಂದು ಕಾಗುಣಿತ, ಪೊಲೀಸರಿಗೊಂದು, ಬ್ಯಾಂಕಿಗೊಂದು. ಕೊನೆಗೆ 'ಎ' ಉಂಟೋ ಇಲ್ಲವೋ, 'ಟಿ' ಆದಮೇಲೆ 'ಎಚ್' ಬೇಕೋ ಬೇಡವೋ, ಇನಿಷಿಯಲ್ಲು ಹಿಂದೋ ಮುಂದೋ, ಬ್ರಹ್ಮನಿಗೇ ಗೊತ್ತು. ಪೂರ್ತಿ ಹೆಸರು ಹೊಡೆದು 'ದಾಖಲೆ ಸಿಗಲಿಲ್ಲ' ಎಂದು ಬಂದ ಕೂಡಲೇ ಭಾವ ಕಾಫಿಗೆ ಹೇಳಿದರು. ಹಾಗೆಲ್ಲ ಸಂಭ್ರಮಿಸಬಾರದು. ಹೆಸರಿನ ಮೊದಲ ಮೂರು ಅಕ್ಷರ ಹಾಕಿದರೂ ತಾಣ ಹುಡುಕಿಕೊಡುತ್ತದೆ. ಬಂದ ಪಟ್ಟಿಯಲ್ಲಿ ತಾಳ್ಮೆಯಿಂದ ಕಣ್ಣಾಡಿಸಬೇಕು. ಎಫ್‌ಐಆರ್ ನಂಬರಿದ್ದರೆ ಠಾಣೆಯ ಹೆಸರಿನೊಡನೆ ಅದನ್ನೂ ಹಾಕಬಹುದು. ಕೇಸು ಸಿಕ್ಕ ಮೇಲೆ ಮುಂದಿನ ತಾರೀಖು, ಕೇಸಿನ ಹಂತ ಕಾಣುತ್ತವೆ. ಹಿಂದಿನ ತಾರೀಖುಗಳ ಮೇಲೆ ಬೆರಳಿಟ್ಟರೆ ಆ ದಿನ ನಡೆದದ್ದೂ ಬರಬಹುದು. ಅಲ್ಲಿತ್ತು ಭಾವನ ಎನ್‌ಬಿಡಬ್ಲ್ಯು. ಕಾಫಿ ಆರಿಹೋಯಿತು.

ತಾಣದಲ್ಲಿರುವುದೇ ವೇದವಾಕ್ಯವಲ್ಲ. ದಿನದ ಆದೇಶ ಅಂದೇ ಏರಿರಲಾರದು. ಅನುಮಾನವಿದ್ದರೆ ವಕೀಲರ ಮೂಲಕ ಆರ್ಡರ್ ಶೀಟನ್ನೇ ನೋಡುವುದು ಕ್ಷೇಮ. ವಾಟ್ಸ್‌ಆ್ಯಪ್‌ನಲ್ಲಿ ಮೊಹರು ಬಿದ್ದ ವಾರಂಟು ಕಳಿಸಿ, ವಿಡಿಯೊ ಕಾಲ್‌ನಲ್ಲಿ ಖಾಕಿ ತೋರಿಸಿ ದುಡ್ಡು ಕೇಳುವವರು ಬೇರೆಯೇ ಜನ. 'ಡಿಜಿಟಲ್ ಅರೆಸ್ಟ್' ಎಂಬುದು ಯಾವ ಕಾನೂನಿನಲ್ಲೂ ಇಲ್ಲ. ಅಂಥವರ ಫೋನು ಇಟ್ಟು ಸೈಬರ್ ಸಹಾಯವಾಣಿ 1930ಕ್ಕೆ ಮಾಡಿ.

ನಿಜವಾದ ವಾರಂಟಾದರೆ ಪೊಲೀಸರು ಬರುವ ಮೊದಲು ತಾನೇ ಹೋಗುವುದೇ ಜಾಣತನ. ವಕೀಲರು ರೀಕಾಲ್ ಅರ್ಜಿ ಹಾಕುತ್ತಾರೆ, ಆರೋಪಿ ಕಟಕಟೆಯಲ್ಲಿ ನಿಂತಿರುತ್ತಾನೆ. ಕಾರಣ ಒಪ್ಪಿಗೆಯಾದರೆ ದಂಡ ಕಟ್ಟಿಸಿ, ಕೆಲವೊಮ್ಮೆ ಹೊಸ ಜಾಮೀನುದಾರರನ್ನು ಕೇಳಿ ವಾರಂಟ್ ಹಿಂಪಡೆಯುತ್ತಾರೆ. ಒಪ್ಪದಿದ್ದರೆ ಒಳಗೆ ಕಳಿಸುವ ಅಧಿಕಾರವೂ ಕೋರ್ಟಿಗಿದೆ. ಭಾವ ಪಹಣಿ ಹಿಡಿದ ಜಾಮೀನುದಾರನ ಜೊತೆ ಹೋಗಿ, ದಂಡ ಕಟ್ಟಿ, ಸಂಜೆ ಮನೆ ಸೇರಿದರು.

ಅಷ್ಟಕ್ಕೇ ಮುಗಿಯಿತೆಂದು ಮಲಗಬೇಡಿ. ಮುಂಬೈಯ ವಕೀಲರೊಬ್ಬರು ತಮ್ಮ ಮೇಲಿನ ವಾರಂಟನ್ನು ರದ್ದು ಮಾಡಿಸಿಕೊಂಡಿದ್ದರೂ 2002ರ ಆಗಸ್ಟ್ 15ರಂದು ಪೊಲೀಸರು ಅದೇ ವಾರಂಟಿನ ಮೇಲೆ ಅವರನ್ನು ಹಿಡಿದರು. ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು 2011ರಲ್ಲಿ, ವಾರಂಟುಗಳಿಗೆ ಕ್ರಮಸಂಖ್ಯೆ ಹಾಕಿ, ರಿಜಿಸ್ಟರ್ ಇಡಿ ಎಂದೆಲ್ಲ ಕೋರ್ಟುಗಳಿಗೆ ನಿರ್ದೇಶನ ಕೊಟ್ಟಿತು. ಆದರೂ ರದ್ದಾದ ದಿನವೇ ಆದೇಶದ ದೃಢೀಕೃತ ನಕಲಿಗೆ ಅರ್ಜಿ ಹಾಕಿ. ಒಂದು ಪ್ರತಿಯನ್ನು ಠಾಣೆಗೆ ನೀವೇ ಕೊಟ್ಟು ಸ್ವೀಕೃತಿ ಬರೆಸಿಕೊಳ್ಳಿ.